ಯಾವ ಆತ್ ಬಿಡ್ರಿ?

ಕಾರು ತಡವಾಗಿ ಬಂತು. ಅದನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಡ್ರೈವರ್ ಸೀಟಿನಿಂದ ಇಳಿದವನ ಮುಖ ನೋಡಿದ್ದೇ ಗಂಗಾಂಬಿಕಾಗೆ ಬೆಳಬೆಳಗ್ಗೆಯೇ ಪಿತ್ತ ನೆತ್ತಿಗೇರಿತು.

ಗುರುಬಸವರಾಜ! ಎರಡು ವರ್ಷದ ಹಿಂದೆ ಹರಪನಹಳ್ಳಿ ಕಡೆಯಿಂದ ತಾಯಿಯ ಜೊತೆ ಕೊಟ್ಟೂರಿಗೆ ಬಂದು ಇವಳನ್ನು ನೋಡಿಕೊಂಡು ಹೋದ ಗಂಡು. ತಟ್ಟೆಯ ಅವಲಕ್ಕಿಯಲ್ಲಿ ಒಂದೊಂದೇ ಶೇಂಗಾ ಆರಿಸಿ ನಿಧಾನವಾಗಿ ತಿಂದಿದ್ದ. ಮಾಳಿಗೆಯ ಮೇಲೆ ನಿಂತು ನಗುನಗುತ್ತಾ ಮಾತಾಡಿದ್ದ. ಇವಳು ಈ ಸಂಬಂಧ ತಂದಿದ್ದ ಭರಮಮ್ಮತ್ತೆಯ ಬಾಯಲ್ಲಿ ಒಪ್ಪಿಗೆಯನ್ನೂ ಹೇಳಿ ಕಳಿಸಿದ್ದಳು. ಆಮೇಲೆ ಆ ಕಡೆಯಿಂದ ಒಂದು ಸುದ್ದಿಯಿಲ್ಲ, ಸೊಲ್ಲಿಲ್ಲ.

"ಮೈಲಾರೇಶ್ ಎಲ್ಲಿ?" ಎಂದಳು. ನಮಸ್ಕಾರವೂ ಇಲ್ಲ.

"ಅವಂಗ ಹಲ್ಲುನೋವು ಬಂದೈತ್ರಿ. ಗದ್ದ ಇಷ್ಟು ಬಾತೈತಿ," ಎಂದು ಅವನು ತನ್ನ ಕೆನ್ನೆಯ ಪಕ್ಕ ತೆಂಗಿನಕಾಯಿಯಷ್ಟು ಅಳತೆ ತೋರಿಸಿದ. "ಹಂಗಾಗಿ ನಾನೇ ಬಂದೆ."

"ಬ್ಯಾರೆ ಡ್ರೈವರ್ ಇರಲಿಲ್ಲೇನು?"

"ಇದ್ದ. ಅವಂಗ ದಾರಿ ಗೊತ್ತಿಲ್ಲ."

ದಾರಿ ಗೊತ್ತಿಲ್ಲವಂತೆ. ಗುಡೇಕೋಟೆಯಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಸೀಮೆಯ ಕುರಿಗಳಿಗೂ ಗೊತ್ತಿರುವ ದಾರಿ. ಟ್ರಾವೆಲ್ಸ್ ಇವನದೆಂದು ತಿಳಿದೇ ಅವಳು ಡ್ರೈವರ್ ಯಾರೆಂದು ಆಫೀಸಿನಲ್ಲಿ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಆದರೂ ಹಣೆಬರಹ ಎದುರಿಗೇ ನಿಂತು ಹಲ್ಲು ಕಿರಿಯುತ್ತಿತ್ತು. ವಾಪಸ್ ಕಳಿಸೋಣವೆಂದರೆ ಕೆಲಸ ಕೆಡುತ್ತದೆ. ಅವಳು ಹಿಂದಿನ ಸೀಟಿನ ಬಾಗಿಲು ತೆಗೆದಳು. ಅಲ್ಲಿ ಸೀಟಿನ ತುಂಬ ಒಂದು ಸ್ಟೆಪ್ನಿ ಚಕ್ರ ಮಲಗಿತ್ತು.

"ಡಿಕ್ಕ್ಯಾಗ ಹಿಡಿಸಲಿಲ್ರಿ," ಎಂದ ಗುರುಬಸವರಾಜ. ಅವಳು ಬಾಗಿಲನ್ನು ಧಡಾರನೆ ಹಾಕಿ ಮುಂದಿನ ಸೀಟಿಗೆ ಬಂದಳು.

ಗಂಗಾಂಬಿಕಾ ಕೆಲಸ ಮಾಡುವುದು ಗುಡೇಕೋಟೆಯ ಕುರುಚಲು ಗುಡ್ಡಗಳ ನಡುವಿನ ಒಂದು ವೈನ್ ಕಂಪನಿಯಲ್ಲಿ. ದ್ರಾಕ್ಷಿ ಯಾವಾಗ ಕೊಯ್ಯಬೇಕು, ರಸ ಎಷ್ಟು ಹುಳಿಯಬೇಕು, ಯಾವ ಪೀಪಾಯಿ ಯಾವಾಗ ತೆರೆಯಬೇಕು, ಎಲ್ಲ ಅವಳದೇ ತೀರ್ಮಾನ. ಅವಳ ಅವ್ವ ನಾಗಲಿಂಗಮ್ಮ ಮಾತ್ರ ಕೊಟ್ಟೂರಿನ ಮಂದಿಗೆ "ನಮ್ಮ ಗಂಗಾ ದ್ರಾಕ್ಷಿ ಕಂಪನ್ಯಾಗ ಅದಾಳ" ಎನ್ನುತ್ತಿದ್ದಳು. ದ್ರಾಕ್ಷಿ ಮುಂದೆ ಏನಾಗುತ್ತದೆ ಎಂಬ ವಿಷಯಕ್ಕೆ ಆಕೆ ಹೋಗುತ್ತಿರಲಿಲ್ಲ.

ಈಗ ಕಂಪನಿಗೆ ಹೊಸ ಹುಕಿ ಬಂದಿತ್ತು. ದೂರದೂರಿನ ಮಂದಿಯನ್ನು ಕರೆತಂದು ದ್ರಾಕ್ಷಿ ತೋಟ, ಗುಡಿ, ಊಟ ಅಂತ ಒಂದು ದಿನ ಸುತ್ತಿಸುವ 'ವೈನ್ ಟ್ರಿಪ್'. ಅದಕ್ಕೆ ಮೊದಲು ಯಾರಾದರೂ ಆ ದಾರಿಯಲ್ಲಿ ಹೋಗಿ ನೋಡಿ ಬರಬೇಕಲ್ಲ? "ಆರಾಮಾಗಿ ಹೋಗಿ ಬನ್ನಿ ಮೇಡಂ, ಗೆಸ್ಟ್ ಥರಾ ಎಂಜಾಯ್ ಮಾಡಿ," ಎಂದಿದ್ದರು ಮ್ಯಾನೇಜರ್. ಅವಳಿಗೆ ಎಂಜಾಯ್ ಬೇಕಿರಲಿಲ್ಲ. ಮಧ್ಯಾಹ್ನದೊಳಗೆ ಮುಗಿಸಿ ಮನೆ ಸೇರಬೇಕಿತ್ತು.

ಆದರೆ ಕಾರು ನಲವತ್ತರ ಮೇಲೆ ಹೋಗಲೇ ಇಲ್ಲ.

"ಗಾಡಿಗೇನಾಗೈತಿ?"

"ಏನೂ ಇಲ್ರಿ, ಚೊಲೋ ಐತಿ."

"ಮತ್ತ ಯಾಕ ಹಿಂಗ ತೆವಳಾಕತ್ತೈತಿ?"

"ಗೆಸ್ಟ್ ಬಂದಾಗ ಹಿಂಗ ಹೋಗಬೇಕಲ್ಲೇನ್ರಿ. ಗುಡ್ಡ ನೋಡಬೇಕು, ಬಂಡಿ ನೋಡಬೇಕು…" ಅವನು ಸ್ಟೇರಿಂಗ್ ಮೇಲೆ ಬೆರಳಾಡಿಸುತ್ತಾ ಓರೆಗಣ್ಣಲ್ಲಿ ಅವಳನ್ನು ನೋಡಿದ. ಅವಳು ನೋಡಿದ ಕೂಡಲೇ ರಸ್ತೆ ನೋಡಿದ. ಎತ್ತಿನ ಬಂಡಿಯೊಂದು ಮುಂದೆ ಹೋಗುತ್ತಿತ್ತು. ಅದನ್ನೂ ಅವನು ದಾಟಲಿಲ್ಲ.

ಕೂಡ್ಲಿಗಿ ಬಂದಾಗ ಅವನು ಕೇಳಿದ: "ಇಲ್ಲೊಂದು ಚಾ ಕುಡಿಯೋಣೇನ್ರಿ? ಶುಂಠಿ ಜಜ್ಜಿ ಹಾಕ್ತಾರ."

ಬೆಳಗ್ಗೆಯಿಂದ ಅವಳ ಹೊಟ್ಟೆಗೆ ಚಹಾ ಬಿದ್ದಿರಲಿಲ್ಲ. "ಆತ್ ಬಿಡ್ರಿ," ಎಂದಳು.

ಕಾರು ಚಹಾದಂಗಡಿಯ ಮುಂದೆ ನಿಧಾನವಾಯಿತು, ಒಂದು ಗಳಿಗೆ ಅನುಮಾನಿಸಿತು, ಹಾಗೇ ಮುಂದೆ ಹೊರಟುಹೋಯಿತು. ಶುಂಠಿಯ ವಾಸನೆ ಮಾತ್ರ ಕಿಟಕಿಯಲ್ಲಿ ಬಂದು ಹೋಯಿತು. ಗಂಗಾಂಬಿಕಾ ಬಾಯಿ ತೆರೆದು, ಈ ಮನುಷ್ಯನ ಹತ್ತಿರ ಚಹಾಕ್ಕೆ ಬೇಡುವುದೇ ಎಂದುಕೊಂಡು ಮತ್ತೆ ಮುಚ್ಚಿದಳು.

ಕೊಟ್ಟೂರು ಬಂತು. ಅವಳ ಹುಟ್ಟೂರು. ಪ್ರತಿ ಅಂಗಡಿಯ ಕಟ್ಟೆಯ ಮೇಲೂ ಅವಳನ್ನು ಬಲ್ಲ ಒಬ್ಬರಾದರೂ ಕೂತಿರುವ ಊರು. ಅವಳು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಸೀಟಿನಲ್ಲಿ ಕೆಳಕ್ಕೆ ಜಾರಿದಳು.

"ಮಿರ್ಚಿ ಮಂಡಕ್ಕಿ?" ಎಂದ ಅವನು, ಬಹಳ ಆಸೆಯಿಂದ.

"ಅಯ್ಯೋ, ಆತ್ ಬಿಡ್ರಿ!"

ಕಾರು ಜನ ಮುತ್ತಿದ್ದ ಮಿರ್ಚಿ ಅಂಗಡಿಯ ಎದುರಿಗೇ ಹೋಗಿ ಗಕ್ಕನೆ ನಿಂತಿತು. ಅವನು ಇಳಿದು, ಕೈ ತೊಳೆದು, ಪೇಪರಿನ ಪೊಟ್ಟಣ ತಂದು ಅವಳ ಕಿಟಕಿಯಲ್ಲಿ ಇಟ್ಟ. "ಬಿಸಿ ಅದಾವ, ತಿನ್ರಿ."

"ಬ್ಯಾಡ ಅಂದೆನಲ್ಲ ನಾನು!"

"ಯಾವಾಗ ಅಂದ್ರಿ?" ಅವನ ಮುಖದಲ್ಲಿ ನಿಜವಾದ ಗಾಬರಿಯಿತ್ತು. "ಬ್ಯಾಡ ಅಂದ್ರೇನು?"

ಇವನಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಅವಳು ಯೋಚಿಸುತ್ತಿರುವಾಗಲೇ ಫೋನ್ ಹೊಡೆದುಕೊಂಡಿತು. ನಾಗಲಿಂಗಮ್ಮನ ದನಿಗೆ ಸ್ಪೀಕರ್ ಬೇಕಿರಲಿಲ್ಲ.

"ಗಂಗಾ, ಯಾರ ಗಾಡ್ಯಾಗ ಕುಂತೀಯವ್ವ? ಮಿರ್ಚಿ ಅಂಗಡಿ ಮುಂದ ನಿನ್ನ ನೋಡಿದ್ರಂತ. ಇರ್ಲಿ, ದಾವಣಗೆರಿ ಬೀಗರು ಮತ್ತ ಫೋನ್ ಮಾಡಿದ್ರು. ಐತವಾರ ಬರ್ಬೇಕೋ ಬ್ಯಾಡೋ ಕೇಳಾಕತ್ಯಾರ. ಹುಡುಗ ಚೊಲೋ ಅದಾನ, ಮದುವಿ ಆದ ಮ್ಯಾಲೆ ನೌಕ್ರಿ ಬಿಟ್ರ ಸಾಕಂತ. ದೀಪ ಹಚ್ಚೋದ್ರಾಗ ನನಗ ಒಂದು ಮಾತು ಹೇಳು, ಆತಿಲ್ಲೋ?"

"ಸಂಜಿಗೆ ಹೇಳ್ತೀನಿ, ಇಡು ಅವ್ವ."

ಅವಳು ಫೋನ್ ಇಟ್ಟಳು. ಗುರುಬಸವರಾಜ ಕೈಯಲ್ಲಿದ್ದ ಮಿರ್ಚಿಯನ್ನು ತಿನ್ನದೆ ಪೊಟ್ಟಣಕ್ಕೆ ವಾಪಸ್ ಇಟ್ಟ.

ನೌಕರಿ ಬಿಟ್ಟರೆ ಸಾಕಂತೆ! ಬಂದ ಗಂಡುಗಳೆಲ್ಲ ಅದೇ ರಾಗ. ಒಬ್ಬನೇ ಒಬ್ಬ ಹಾಗೆ ಹೇಳಿರಲಿಲ್ಲ. ಅವನು ಈಗ ಪಕ್ಕದಲ್ಲೇ ಗೇರ್ ಹಾಕುತ್ತಿದ್ದ. ಅವತ್ತು ಮಾಳಿಗೆಯ ಮೇಲೆ ಅವಳು ಬೇಕೆಂದೇ, "ನಾನು ವೈನ್ ಮಾಡಾಕಿ. ದ್ರಾಕ್ಷಿ ಮಾರಾಕಿ ಅಲ್ಲ," ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಅವನು ಗಾಬರಿಯಾಗಲಿಲ್ಲ. "ರುಚಿ ಹ್ಯಾಂಗಿರ್ತದ್ರಿ?" ಎಂದು ಮಕ್ಕಳ ಹಾಗೆ ಕೇಳಿದ್ದ. ಆಮೇಲೆ, "ಇಷ್ಟು ಚೊಲೋ ಕೆಲಸ ಎಂದಿಗೂ ಬಿಡಬ್ಯಾಡ್ರಿ," ಎಂದಿದ್ದ. ಅವತ್ತು ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲ. ಹೀಗೆ ಹೇಳಿದವನೂ ಕೊನೆಗೆ ಸುಮ್ಮನಾದನಲ್ಲ ಎಂಬುದೇ ಎರಡು ವರ್ಷದಿಂದ ಅವಳ ಎದೆಯಲ್ಲಿ ಕೂತ ಮುಳ್ಳು. ಯಾಕೆ ಸುಮ್ಮನಾದೆ ಎಂದು ಕೇಳಿಬಿಟ್ಟರೆ ಸಂಜೆ ಅವ್ವನಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಆದರೆ ಬೇಡವೆಂದು ಹೋದವನ ಹತ್ತಿರ ಹೆಣ್ಣಾದವಳು ಕಾರಣ ಕೇಳುವುದು ಹೇಗೆ?

ಕಾರು ಈಗ ಮೂವತ್ತಕ್ಕೆ ಇಳಿದಿತ್ತು.

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡ್ ಹತ್ತಿರ ಅವಳು ಕಿಟಕಿಯಾಚೆ ಏನೋ ಕಂಡು ನೆಟ್ಟಗೆ ಕೂತಳು. ಗೂಡಂಗಡಿಯ ನೆರಳಲ್ಲಿ ಮೈಲಾರೇಶ್ ಕಾಲು ಚಾಚಿ ಕೂತಿದ್ದ. ಕೈಯಲ್ಲಿ ಮಾರುದ್ದದ ಕಬ್ಬಿನ ಜಲ್ಲೆ. ಅದನ್ನು ಹಲ್ಲಿನಿಂದಲೇ ಸಿಗಿದು, ಜಗಿದು, ಖುಷಿಯಿಂದ ಉಗುಳುತ್ತಿದ್ದ. ಗದ್ದ ಎಂದಿನಷ್ಟೇ ಇತ್ತು.

"ಹಲ್ಲುನೋವು?" ಎಂದಳು ಗಂಗಾಂಬಿಕಾ.

ಗುರುಬಸವರಾಜ ಕೆಮ್ಮಿದ. "ಕಬ್ಬು ತಿಂದ್ರ ಕಡಿಮಿ ಆಗ್ತದಂತ."

"ಯಾರು ಹೇಳಿದ್ರು?"

"ಅವನೇ ಹೇಳಿದ."

ನಗು ಬಂದೇಬಿಟ್ಟಿತ್ತು. ಅವಳು ಕಷ್ಟಪಟ್ಟು ಹುಬ್ಬು ಗಂಟಿಕ್ಕಿಕೊಂಡು ಹೊರಗೆ ನೋಡಿದಳು. ಸುಳ್ಳು ಹೇಳಿ, ಸ್ಟೆಪ್ನಿಯನ್ನು ಹಿಂದಿನ ಸೀಟಿಗೆ ಏರಿಸಿ ಬಂದಿದ್ದಾನೆ. ಬಂದವನು ಬಾಯಿ ಬಿಟ್ಟು ಒಂದು ಮಾತಾಡಬಾರದೇ? ಇದೆಂಥ ಮನುಷ್ಯ!

ಊರಾಚೆಗೆ ಜಂಬಕ್ಕನ ತೋಟ. ಕಂಪನಿಗೆ ಕೆಂಪು ವೈನಿನ ಶಿರಾಜ್ ದ್ರಾಕ್ಷಿ ಬೆಳೆದು ಕೊಡುವವಳು. ಹಣೆಯಗಲದ ಕುಂಕುಮ, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು.

"ಬರ್ರಿ ಬರ್ರಿ, ಜೋಡಿ ಬಂದೀರಿ!" ಎಂದಳು.

"ಜೋಡಿ ಅಲ್ಲ," ಎಂದಳು ಗಂಗಾಂಬಿಕಾ.

"ಡ್ರೈವರ್," ಎಂದ ಅವನು ಅದೇ ಉಸಿರಿಗೆ.

ಜಂಬಕ್ಕ ಇಬ್ಬರನ್ನೂ ನೋಡಿ ನಕ್ಕಳೇ ಹೊರತು ಒಪ್ಪಲಿಲ್ಲ. ಆಮೇಲೆ ಅವನ ಮುಖವನ್ನು ದಿಟ್ಟಿಸಿ, "ಏ, ನೀನು ಹಿಂದೊಮ್ಮಿ ಬಂದು ಒಂದು ಕಡ್ಡಿ ಒಯ್ದಿದ್ದೆಲ್ಲೋ ತಮ್ಮ, ಚಿಗುರ್ತೇನು?" ಎಂದಳು.

"ನೀರು ಕೊಡ್ರಿ ಅಕ್ಕಾ, ಬಾಯಾರೈತಿ," ಎಂದು ಅವನು ಅವಸರದಿಂದ ಗುಡಿಸಲ ಕಡೆ ನಡೆದ. ಬೆಳಗ್ಗೆಯಿಂದ ಅವನು ಅವಸರ ಮಾಡಿದ್ದು ಅದೇ ಮೊದಲು.

ಸಾಲುಗಳ ನಡುವೆ ಕೆಂಪು ಮಣ್ಣು ಕಾದಿತ್ತು. ಎಲೆಗಳ ಅಡಿಯಲ್ಲಿ ಮಾತ್ರ ತಂಪು. ಗಂಗಾಂಬಿಕಾ ಒಂದು ಗೊಂಚಲಿನಿಂದ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು, ಬೀಜವನ್ನು ಅಂಗೈಗೆ ಉಗಿದು ಬಣ್ಣ ನೋಡಿದಳು. ಕೆಲಸಕ್ಕೆ ಇಳಿದರೆ ಅವಳಿಗೆ ಸಿಟ್ಟು ಮರೆತುಹೋಗುತ್ತಿತ್ತು. ತಲೆಯೆತ್ತಿದಾಗ ಗುರುಬಸವರಾಜ ಬಳ್ಳಿಯಾಚೆ ನಿಂತಿದ್ದ. ಎಲೆಗಳ ಸಂದಿಯಲ್ಲಿ ಅವನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಈ ಸಲ ಅವು ರಸ್ತೆಯ ಕಡೆ ಓಡಲಿಲ್ಲ. ಓಡಲು ಅಲ್ಲಿ ರಸ್ತೆ ಇರಲಿಲ್ಲ.

"ಬೀಜದಾಗ ಏನು ನೋಡ್ತೀರಿ?"

"ಹಸರಿದ್ರ ಇನ್ನೂ ಕಾಯಬೇಕು. ಕಂದು ಬಂದ್ರ ಕೊಯ್ಯಬೇಕು. ತಡ ಮಾಡಿದ್ರ ಹಣ್ಣು ಬಳ್ಳ್ಯಾಗ ಒಣಗಿ ಹೋಗ್ತದ."

"ಈಗ ಯಾವ ಬಣ್ಣ ಐತಿ?"

ಅವಳು ಅಂಗೈ ಚಾಚಿದಳು. ಅವನು ಬಗ್ಗಿ ನೋಡಿದ. ಅವನ ಉಸಿರು ಕೈಗೆ ತಾಗಿ ಅವಳಿಗೆ ಮೈ ಜುಮ್ಮೆಂದಿತು. ಬೀಜ ಕಂದಾಗಿತ್ತು.

"ಹೊತ್ತಾತು," ಎಂದು ಅವಳು ಕೈ ಒರೆಸಿಕೊಂಡಳು. ಅವನು ಇನ್ನೂ ಏನೋ ಹೇಳುವವನಿದ್ದ, ಹೇಳಲಿಲ್ಲ. ಅವಳಿಗೆ ಮತ್ತೆ ಸಿಟ್ಟು ಬಂತು.

ಹಡಗಲಿಯಲ್ಲಿ ಊಟ. ಅಲ್ಲೊಂದು ಮೊಳ ಮಲ್ಲಿಗೆ ಕೊಂಡು ಅವನು ಡ್ಯಾಶ್‌ಬೋರ್ಡಿನ ಮೇಲಿಟ್ಟ. ಅವಳಿಗೆ ಕೊಡಲಿಲ್ಲ, "ಗಾಡಿಗೆ" ಎಂದ. ಗಾಡಿ ಹೂ ಮುಡಿಯುವುದನ್ನು ಅವಳು ಎಲ್ಲೂ ನೋಡಿರಲಿಲ್ಲ. ಅಲ್ಲಿಂದ ಹೊಳಲು ಊರಿನ ಗುಡಿಗೆ ಬಂದು ಅನಂತಶಯನನ ಮುಂದೆ ನಿಂತಾಗ ಬಿಸಿಲು ಇಳಿದಿತ್ತು. ಹಾವಿನ ಹಾಸಿಗೆಯ ಮೇಲೆ ಮಲಗಿದ ಕಲ್ಲಿನ ದೇವರು ಯಾವ ಅವಸರವೂ ಇಲ್ಲದೆ ಹಾಯಾಗಿದ್ದ.

"ನಿಮ್ಮ ಟ್ರಾವೆಲ್ಸ್ ಓನರ್ ಇಲ್ಲಿ ಮಲಗ್ಯಾನ ನೋಡ್ರಿ," ಎಂದಳು.

ಅವನು ಗುಡಿ ತುಂಬ ದನಿ ಕೇಳುವಂತೆ ನಕ್ಕ. ಆ ನಗು ಮಾಳಿಗೆಯ ಮೇಲಿನದೇ. ಅದನ್ನು ಕೇಳಿ ಅವಳಿಗೆ ಅಳು ಬಂದ ಹಾಗಾಯಿತು, ಅದಕ್ಕೆ ಇನ್ನಷ್ಟು ಮುಖ ಬಿಗಿದುಕೊಂಡು ಕಾರಿಗೆ ಬಂದಳು.

ಹರಪನಹಳ್ಳಿ ದಾರಿ ಹಿಡಿದ ಮೇಲೆ ಅವನು ಗಂಟಲು ಸರಿ ಮಾಡಿಕೊಂಡ. "ನೀಲಗುಂದದಾಗ ಇನ್ನೊಂದು ದ್ರಾಕ್ಷಿ ಐತ್ರಿ. ನಿಮ್ಮ ಕಂಪನಿಯವರಿಗೆ ಗೊತ್ತಿಲ್ಲ. ಹೋಗೋಣೇನು?"

ಹೊತ್ತು ಇಳಿಯುತ್ತಿತ್ತು. ಅವ್ವ ದೀಪ ಹಚ್ಚುವ ಹೊತ್ತು ಹತ್ತಿರ ಬರುತ್ತಿತ್ತು. ಇವನ ಮನೆಯೂ ನೀಲಗುಂದದಲ್ಲೇ ಎಂಬುದು ಅವಳಿಗೆ ನೆನಪಿತ್ತು. ಹೋಗಬೇಕೆಂದೂ ಇತ್ತು, ಹಾಳಾಗಿ ಹೋಗಲಿ ಎಂದೂ ಇತ್ತು.

"ಆತ್ ಬಿಡ್ರಿ," ಎಂದಳು.

ಕಾರು ನಿಂತಿತು. ಜೋಳದ ಹೊಲಗಳ ನಡುವೆ, ರಸ್ತೆಯ ಮಧ್ಯದಲ್ಲೇ. ಗುರುಬಸವರಾಜ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಅವಳ ಕಡೆ ಪೂರ್ತಿ ತಿರುಗಿದ.

"ಇದು ಯಾವ ಆತ್ ಬಿಡ್ರಿ?"

"ಏನು?"

"ನಡೀರಿ ಹೋಗೋಣ ಅನ್ನೋ ಆತ್ ಬಿಡ್ರೋ, ಸಾಕು ಬಾಯಿ ಮುಚ್ಚು ಅನ್ನೋ ಆತ್ ಬಿಡ್ರೋ? ಮುಂಜಾನಿಂದ ನನಗ ತಲಿ ಕೆಟ್ಟು ಹೋಗೈತ್ರಿ. ಚಾಕ್ಕೂ ಅದನ್ನ ಅಂದ್ರಿ, ಮಿರ್ಚಿಗೂ ಅದನ್ನ ಅಂದ್ರಿ. ದನಿಯಾಗ ಏನೂ ಫರಕ್ ಇಲ್ಲ. ನಾ ಹ್ಯಾಂಗ ತಿಳ್ಕೋಬೇಕು? ಎರಡು ವರ್ಷದ ಹಿಂದ ಒಮ್ಮಿ ತಿಳ್ಕೊಂಡೇ ಅಲ್ಲೇನು ಸುಟ್ಟುಕೊಂಡಿದ್ದು?"

"ಎರಡು ವರ್ಷದ ಹಿಂದ ಏನಂದೆ ನಾನು?"

"ಭರಮಮ್ಮತ್ತಿ ನಿಮಗ ಫೋನ್ ಮಾಡಿದ್ಲಲ್ಲ? ಅವರು ಒಪ್ಯಾರವ್ವ, ನೀ ಏನಂತಿ ಅಂತ ಕೇಳಿದ್ಲಲ್ಲ? ಆಕಿ ನಮ್ಮ ಮನಿಗೆ ಬಂದು ಕುಂತು, ನಿಟ್ಟುಸಿರು ಬಿಟ್ಟು, 'ಆತ್ ಬಿಡ್ರಿ ಅಂದ್ಲಪ್ಪ ಹುಡುಗಿ' ಅಂದ್ಲು. ನಮ್ಮವ್ವ ಅವತ್ತು ಒಲಿ ಹಚ್ಚಲಿಲ್ಲ."

ಆ ಫೋನು ಗಂಗಾಂಬಿಕಾಗೆ ಚೆನ್ನಾಗಿ ನೆನಪಿತ್ತು. ಸುಗ್ಗಿಯ ಕಾಲ, ದ್ರಾಕ್ಷಿ ಹಿಂಡುವ ಮಿಷನ್ನು ಗುರ್ರೆನ್ನುತ್ತಿತ್ತು. ಎದುರಿಗೆ ಕೂಲಿಯವರೆಲ್ಲ ನಿಂತಿದ್ದರು. ನಾಚಿಕೆ, ಖುಷಿ ಎರಡನ್ನೂ ನುಂಗಿಕೊಂಡು, ಬಾಯಿಂದ ಹೊರಟದ್ದು ಅಷ್ಟೇ. ಆತ್ ಬಿಡ್ರಿ ಅತ್ತಿ.

"ಒಪ್ಗಿ ಅದು!" ಎಂದು ಕೂಗಿದಳು. "ಒಪ್ಪೀನಿ ಅಂತ ಹೇಳಿದ್ದು!"

"ಒಪ್ಗಿನಾ?"

"ಮತ್ತೇನು? ಆತು ಅಂದ್ರ ಆತು!"

"ಬಿಡ್ರಿ ಅಂದ್ರ?"

"ಬಿಡ್ರಿ ಅಂದ್ರ… ಬಿಡ್ರಿ ಅಂದ್ರ ಏನೂ ಇಲ್ಲ, ಸುಮ್ನ ಬರ್ತೈತಿ ಬಾಯಾಗ!"

"ನಮ್ಮ ಮನ್ಯಾಗ ಅದು ಸುಮ್ನ ಬರಲಿಲ್ರಿ," ಎಂದ ಅವನು ಮೆಲ್ಲಗೆ.

"ಹೋಗ್ಲಿ, ಅವತ್ತ ಒಂದು ಮಾತು ನನ್ನ ಕೇಳಬಾರದಿತ್ತೇನು? ಫೋನ್ ಇರಲಿಲ್ಲೇನು ನಿಮ್ಮ ಹತ್ರ? ಎರಡು ವರ್ಷ ಗೂಬಿ ಹಂಗ ಸುಮ್ನ ಕುಂತ್ರಿ! ನಾನು ಏನು ತಿಳ್ಕೊಂಡಿದ್ದೆ ಗೊತ್ತೈತಿ? ವೈನ್ ಮಾಡಾಕಿ ಮನಿಗೆ ಬ್ಯಾಡ ಅಂದ್ರಿ ಅಂತ ತಿಳ್ಕೊಂಡಿದ್ದೆ."

"ಬ್ಯಾಡ ಅಂದಾಕಿನ್ನ ಮತ್ತ ಕೇಳೋದು ಹ್ಯಾಂಗ್ರಿ? ಮರ್ಯಾದಿ ಅಲ್ಲ."

ಹಿಂದೆ ಟ್ರಾಕ್ಟರ್ ಬಂದು ಹಾರನ್ ಹೊಡೆಯಿತು. ಅವಳೂ ಇದೇ ಮರ್ಯಾದೆಗೆ ಅಂಜಿ ಬೆಳಗ್ಗೆಯಿಂದ ಸುಮ್ಮನೆ ಕೂತಿದ್ದಳು, ಎರಡು ವರ್ಷದಿಂದಲೂ. ಹಾಗಾಗಿ ಇನ್ನು ಹೆಚ್ಚು ಬಯ್ಯಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

"ನಡೀರಿ ನೀಲಗುಂದಕ್ಕ," ಎಂದಳು. "ಹೋಗೋಣ ಅನ್ನೋ ಆತ್ ಬಿಡ್ರಿ ಅದು."

ನೀಲಗುಂದದ ಮನೆಯ ಅಂಗಳಕ್ಕೆ ಕಾಲಿಟ್ಟರೆ, ಅಕ್ಕಿ ಆರಿಸುತ್ತಿದ್ದ ಅವನ ತಾಯಿ ಕೊಟ್ರಬಸಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಯವ್ವಾ! ಈಕಿ ಆತ್ ಬಿಡ್ರಿ ಅಲ್ಲೇನೋ ಗುರು?"

ಈ ಮನೆಯಲ್ಲಿ ತನಗೆ ಅದೇ ಹೆಸರಾಗಿ ನಿಂತಿದೆ ಎಂದು ಗಂಗಾಂಬಿಕಾಗೆ ಆಗ ತಿಳಿಯಿತು. ಅವಳು ನಾಚಿ, ಹಿರಿಯರ ಕಾಲು ಮುಟ್ಟಿ, ಅವನ ಹಿಂದೆ ಹಿತ್ತಿಲಿಗೆ ಹೋದಳು.

ಹಿತ್ತಿಲಲ್ಲಿ ತೋಟವಿರಲಿಲ್ಲ. ಒಂದೇ ಒಂದು ಬಳ್ಳಿ ಇತ್ತು. ನಾಲ್ಕು ಕಲ್ಲುಕಂಬದ ಚಪ್ಪರವನ್ನು ಹತ್ತಿ, ಪಕ್ಕದ ನುಗ್ಗೆ ಮರವನ್ನೂ ಹಿಡಿದು, ಬಟ್ಟೆ ಒಣಗಿಸುವ ತಂತಿಯ ತನಕ ಎಲೆಯೋ ಎಲೆ. ಅಷ್ಟು ಎಲೆಯ ನಡುವೆ ಹುಡುಕಿದರೆ ಎರಡು ಸಣಕಲು ಗೊಂಚಲು.

"ಜಂಬಕ್ಕನ ತೋಟದ ಕಡ್ಡಿ," ಎಂದ ಗುರುಬಸವರಾಜ. "ನಿಮ್ಮನ್ನ ನೋಡಿ ಬಂದ ವಾರದಾಗ ಹಚ್ಚಿದ್ದೆ. ಬರಾಕಿ ವೈನ್ ಮಾಡಾಕಿ, ಮನ್ಯಾಗ ಒಂದು ದ್ರಾಕ್ಷಿ ಬಳ್ಳಿ ಇರ್ಲಿ ಅಂತ. ಆಮ್ಯಾಲೆ ಭರಮಮ್ಮತ್ತಿ ಬಂದ್ಲು. ಕಡ್ಡಿ ಅಷ್ಟರಾಗ ಚಿಗುರಿತ್ತು. ಚಿಗುರಿದ್ದಕ್ಕ ನೀರು ನಿಲ್ಲಿಸಾಕ ಆಗಲಿಲ್ಲ."

ಗಂಗಾಂಬಿಕಾ ಬಳ್ಳಿಯನ್ನು ನೋಡಿದಳು, ಅವನನ್ನು ನೋಡಿದಳು. ಬಾಯಿಂದ ಬಂದದ್ದು ಮಾತ್ರ ಬೈಗುಳವೇ.

"ಇದನ್ನ ಒಮ್ಮಿಯಾದ್ರೂ ಸವರೀರೇನು? ವರ್ಷಕ್ಕೊಮ್ಮಿ ಕತ್ತರಿ ಹಾಕಬೇಕು! ಹಿಂಗ ಬಿಟ್ರ ಹಣ್ಣು ಎಲ್ಲಿಂದ ಬರ್ತಾವ?"

"ಕತ್ತರಿಸಾಕ ಮನಸ್ಸು ಬರಲಿಲ್ರಿ."

ಅವಳು ಮುಖ ತಿರುಗಿಸಿ ದುಪಟ್ಟಾದ ಅಂಚಿನಿಂದ ಕಣ್ಣು ಒರೆಸಿಕೊಂಡಳು. ಅದೇ ಹೊತ್ತಿಗೆ ಫೋನ್ ಬಂತು.

"ಗಂಗಾ, ದೀಪ ಹಚ್ಚಾಕ ಕುಂತೀನಿ. ದಾವಣಗೆರಿಯವರಿಗೆ ಏನು ಹೇಳ್ಲಿ?"

ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಹಿಡಿದು ನುಂಗಿದಳು. "ಬ್ಯಾಡ ಅಂತ ಹೇಳು ಅವ್ವ. ಬ್ಯಾಡ. ಬ್ಯಾ ಅನ್ನೋದನ್ನ ಎಳೆದು ಹೇಳು. ನಾನು ಮನಿಗೆ ಬಂದು ಎಲ್ಲಾ ಹೇಳ್ತೀನಿ. ಭರಮಮ್ಮತ್ತಿನ್ನ ಕರೆಸಿ ಕುಂದ್ರಿಸು, ಎಲ್ಲೂ ಬಿಡಬ್ಯಾಡ."

ಫೋನ್ ಇಟ್ಟು ತಿರುಗಿದರೆ ಗುರುಬಸವರಾಜ ಅವಳ ಎದುರಿಗೆ ಬಂದು ನಿಂತಿದ್ದ. ಡ್ಯಾಶ್‌ಬೋರ್ಡಿನ ಮೇಲಿದ್ದ ಮಲ್ಲಿಗೆ ಅವನ ಕೈಯಲ್ಲಿತ್ತು. ಯಾವಾಗ ಎತ್ತಿಕೊಂಡು ಬಂದನೋ.

"ಗಾಡಿಗೆ ಅಂದ್ರಲ್ಲ?" ಎಂದಳು.

"ಗಾಡಿ ಒಲ್ಲೆ ಅಂತು." ಅವನು ಹೂವನ್ನು ಅವಳ ಮುಂದೆ ಚಾಚಿದ. "ಗಂಗಾ ಅವ್ರೆ, ಈ ಸಲ ಯಾರ ಬಾಯಾಗೂ ಹೇಳಿ ಕಳಿಸಂಗಿಲ್ಲ. ನಾನೇ ಕೇಳ್ತೀನಿ. ನನ್ನ ಮದುವಿ ಆಗ್ತೀರೇನು?"

ಅವಳಿಗೆ ನಾಚಿಕೆ, ಖುಷಿ ಎರಡೂ ಒಟ್ಟಿಗೇ ಬಂದವು. ಬಾಯಿ ತನ್ನ ಹಳೇ ಚಾಳಿಯನ್ನು ಬಿಡಲಿಲ್ಲ.

"ಆತ್ ಬಿಡ್ರಿ."

ಅವನ ಮುಖ ಬಿಳಿಚಿಕೊಂಡಿತು. ಹೂವು ಹಿಡಿದ ಕೈ ಕೆಳಗಿಳಿಯಿತು. ಒಳಗಿನಿಂದ ಕೊಟ್ರಬಸಮ್ಮ ಅಕ್ಕಿಯ ಮೊರ ಕೆಳಗಿಟ್ಟ ಸದ್ದು ಕೇಳಿಸಿತು.

"ಹೂಂ ಅಂದೆ ಮಾರಾಯಾ!" ಎಂದು ಗಂಗಾಂಬಿಕಾ ಇಡೀ ಓಣಿಗೆ ಕೇಳುವಂತೆ ಅರಚಿದಳು. "ಹೂಂ! ಆಗ್ತೀನಿ! ನಿಮ್ಮನ್ನ ಆಗ್ತೀನಿ, ಈ ಬಳ್ಳಿಗೆ ಕತ್ತರಿ ಹಾಕ್ತೀನಿ, ನೌಕ್ರಿ ಬಿಡಂಗಿಲ್ಲ! ಇನ್ನ ಹ್ಯಾಂಗ ಹೇಳ್ಬೇಕು?"

"ಹಿಂಗ ಹೇಳಿದ್ರ ಸಾಕು," ಎಂದ ಅವನು. ನಗುತ್ತಾ ಅವಳ ಜಡೆಗೆ ಹೂ ಸಿಕ್ಕಿಸಲು ಹೋಗಿ ಪಿನ್ನಿಗೆ ಬೆರಳು ಚುಚ್ಚಿಕೊಂಡ. ಅವಳು ತಾನೇ ಮುಡಿದುಕೊಂಡಳು.

ವಾಪಸ್ ಕೊಟ್ಟೂರಿನ ದಾರಿಯಲ್ಲಿ ಕಾರಿಗೆ ಏನಾಯಿತೋ ಏನೋ. ಎಂಬತ್ತು ದಾಟಿ ಓಡತೊಡಗಿತು. ಬಂಡಿಗಳು, ಕುರಿ ಹಿಂಡುಗಳು, ಜೋಳದ ಹೊಲಗಳು ಎಲ್ಲ ಸರಸರ ಹಿಂದೆ ಹೋದವು. ಭರಮಮ್ಮತ್ತೆ ಎದ್ದು ಹೋಗುವ ಮೊದಲು ತಲುಪಬೇಕಂತೆ. ಹಿಂದಿನ ಸೀಟಿನಲ್ಲಿ ಸ್ಟೆಪ್ನಿ ಧಡಧಡ ಕುಣಿಯುತ್ತಿತ್ತು. ಗಂಗಾಂಬಿಕಾ ಒಂದು ಕೈಯಲ್ಲಿ ಹೂವನ್ನೂ ಇನ್ನೊಂದು ಕೈಯಲ್ಲಿ ಬಾಗಿಲನ್ನೂ ಹಿಡಿದುಕೊಂಡಳು. ಬೆಳಗ್ಗೆಯಿಂದ ಬೇಗ ಮುಗಿಯಲಿ ಎಂದು ಅವಳು ಹಲ್ಲು ಕಡಿದಿದ್ದ ದಾರಿ ಇದೇ.

"ಈಗ್ಯಾಕ ಇಷ್ಟು ಅವಸರ?" ಎಂದು ರೇಗಿದಳು. "ಮೆಲ್ಲಕ ಹೋಗ್ರಿ!"

ಗುರುಬಸವರಾಜ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತುಟಿಯಂಚು ಮಾತ್ರ ಕುಣಿಯಿತು.

"ಆತ್ ಬಿಡ್ರಿ," ಎಂದ.

ಅದು ಯಾವ ಆತ್ ಬಿಡ್ರಿ ಎಂದು ತಿಳಿಯಲು ಗಂಗಾಂಬಿಕಾ ಅವನ ಕಡೆ ಬಗ್ಗಿ ಸ್ಪೀಡೋಮೀಟರ್ ನೋಡಬೇಕಾಯಿತು. ಮುಳ್ಳು ನಲವತ್ತಕ್ಕೆ ಇಳಿಯುತ್ತಿತ್ತು.